ಗೇಮ್ ಬಾಯ್: ಪರದೆಯ ಬೆಳಕು ಕೈಕೊಟ್ಟಾಗ

ಜಪಾನಿನ ನಿಂಟೆಂಡೊ ಸಂಸ್ಥೆ 1989ರಲ್ಲಿ ಹೊರತಂದ ಗೇಮ್ ಬಾಯ್ ಸಾಧನದ ಪರದೆಗೆ ಸ್ವಂತ ಬೆಳಕಿರಲಿಲ್ಲ. ಹೊರಗಿನ ಬೆಳಕು ಪ್ರತಿಫಲಿಸಿದಾಗಲೇ ಚಿತ್ರ ಕಾಣುತ್ತಿತ್ತು. ಹವ್ಯಾಸಿಗಳು ಪರದೆಯ ಹಿಂಬದಿಯ ಪ್ರತಿಫಲನ ಪದರವನ್ನು ಕಿತ್ತು, ಅಲ್ಲಿ ಧ್ರುವೀಕರಣ ಹಾಳೆ ಹಾಗೂ ಎಲ್‌ಇಡಿ ಫಲಕವನ್ನು ಅಳವಡಿಸುತ್ತಾರೆ.

ಬಳಿಕ ಬೆಳಕೇ ಬಾರದಿದ್ದರೆ, ಬ್ಯಾಟರಿ ತೆಗೆದು, ಎಲ್‌ಇಡಿಯ ಧನ-ಋಣ ತಂತಿಗಳು ಅದಲುಬದಲಾಗಿವೆಯೇ, ಬೆಸುಗೆ ಸಡಿಲಗೊಂಡಿದೆಯೇ ಎಂದು ಪರೀಕ್ಷಿಸಬೇಕು. ಚಿತ್ರದ ಕಪ್ಪು-ಬಿಳುಪು ತಿರುವುಮುರುವಾಗಿದ್ದರೆ ಧ್ರುವೀಕರಣ ಹಾಳೆಯನ್ನು 90 ಡಿಗ್ರಿ ತಿರುಗಿಸಬೇಕು. ಕಲೆಗಳು ಕಂಡರೆ ಪದರಗಳ ನಡುವೆ ಧೂಳು ಅಥವಾ ಹಳೆಯ ಅಂಟು ಉಳಿದಿರುವ ಸಾಧ್ಯತೆಯಿದೆ. ಲಂಬ ಗೆರೆಗಳು ಮಾಯವಾಗಿದ್ದರೆ ಗಾಜಿನ ಕೆಳ ಅಂಚಿನ ರಿಬ್ಬನ್ ಕೇಬಲ್‌ನ ಸಂಪರ್ಕ ತಪ್ಪಿರುತ್ತದೆ; ಬೆಸುಗೆ ಕಡ್ಡಿಯ ಹದವಾದ ಶಾಖದಿಂದ ಅದು ಮತ್ತೆ ಕೂಡಿಕೊಳ್ಳುವುದುಂಟು.

ಇವೆಲ್ಲವೂ ಸರಿಪಡಿಸಬಹುದಾದ ದೋಷಗಳು. ಆದರೆ ಗಾಜು ಬಿರುಕುಬಿಟ್ಟರೆ ಪರದೆಯನ್ನೇ ಬದಲಿಸಬೇಕು. ಪದರ ಕೀಳುವಾಗ ಅವಸರ ಸಲ್ಲದು.