ಕೆಪ್ಪ ಜೋಗ

ಸಿದ್ದಾಪುರ ತಾಲೂಕಿನ ಉಂಚಳ್ಳಿಯ ಬಳಿ ಅಘನಾಶಿನಿ ನದಿ 116 ಮೀಟರ್ ಆಳಕ್ಕೆ ಧುಮುಕುತ್ತದೆ. ಆ ಜಲಪಾತಕ್ಕೆ ಮೂರು ಹೆಸರು. ನಕಾಶೆಯಲ್ಲಿ ಅದು ಉಂಚಳ್ಳಿ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಲಷಿಂಗ್ಟನ್ ಜಲಪಾತ. 1845ರಲ್ಲಿ ಅದನ್ನು ‘ಕಂಡುಹಿಡಿದ’ ಕಲೆಕ್ಟರ್ ಜೆ.ಡಿ. ಲಷಿಂಗ್ಟನ್ನನ ಹೆಸರು. ಆದರೆ ಹಗಲಿರುಳು ಆ ಸದ್ದು ಕೇಳುತ್ತ ಬಾಳಿದ ಸುತ್ತಲಿನ ಊರವರು ಅದನ್ನು ಕೆಪ್ಪ ಜೋಗ ಎಂದರು.

ಜೋಗವೆಂದರೆ ಆ ಸೀಮೆಯಲ್ಲಿ ಜಲಪಾತ, ಕೆಪ್ಪನೆಂದರೆ ಕಿವುಡ. ಎದುರು ನಿಂತರೆ ಕಿವಿ ಕೆಪ್ಪಾಗುತ್ತದೆಂದು ಆ ಹೆಸರು. ನನಗೆ ನಗು ಬರುವುದು ಇಲ್ಲಿ: ಕಿವುಡಾಗುವವನು ನೋಡಲು ಬಂದವನು, ಬಿರುದು ಮಾತ್ರ ಜೋಗಕ್ಕೆ! ತಾನೇ ಕೂಗಾಡುತ್ತ ಯಾರ ಮಾತಿಗೂ ಕಿವಿಗೊಡದ ಅಜ್ಜನನ್ನು ಮನೆಮಂದಿ ಹೀಗೇ ಅಲ್ಲವೇ ಕರೆಯುವುದು?

ಶರಾವತಿಯ ಜೋಗದಲ್ಲೂ ಸದ್ದಿನಿಂದ ಬಂದ ಹೆಸರೊಂದಿದೆ. ರಾಜ, ರಾಣಿ, ರಾಕೆಟ್‌ಗಳ ಜೊತೆ ನಿಂತ ರೋರರ್, ಅಂದರೆ ಗರ್ಜಿಸುವವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಬೇಸಿಗೆಯಲ್ಲಿ ಅವನು ಗೊಣಗುವುದೂ ಕಷ್ಟ.

ಅಘನಾಶಿನಿಗೆ ಇನ್ನೂ ದೊಡ್ಡ ಅಣೆಕಟ್ಟಿಲ್ಲ. ಅದರ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಮಾತ್ರ ನಡೆದೇ ಇದೆ. ಲಷಿಂಗ್ಟನ್ನನ ಹೆಸರು ಉಳಿಯಲು ಬರಿಯ ಬಂಡೆ ಸಾಕು. ಕೆಪ್ಪ ಜೋಗವೆಂಬ ಹೆಸರಿಗೆ ನೀರೇ ಬೇಕು. ಅದು ಬತ್ತಿದರೆ ಹೆಸರಿನ ಅರ್ಥವನ್ನು ಮೊಮ್ಮಕ್ಕಳಿಗೆ ನಾವು ಬಿಡಿಸಿ ಹೇಳಬೇಕಾದೀತು. ಈಗಿನ್ನೂ ಮಳೆಗಾಲದಲ್ಲಿ ಅಲ್ಲಿಗೆ ಹೋದವರಿಗೆ ಯಾರೂ ಹೇಳಬೇಕಿಲ್ಲ, ಹೇಳಿದರೂ ಕೇಳಿಸುವುದಿಲ್ಲ.