ಒಡಲು ಹಳೆಯದು, ಬೆಳಕು ಹೊಸದು

ದೀಪದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬೆಳಕಿನ ಚರಿತ್ರೆಯನ್ನಷ್ಟೇ ಬರೆಯುತ್ತಾರೆ. ಹರಳೆಣ್ಣೆ ಹೋಗಿ ಸೀಮೆಎಣ್ಣೆ ಬಂದಿತು, ಅದು ಹೋಗಿ ವಿದ್ಯುತ್ತು ಬಂದಿತು, ತಂತಿಯ ಬಲ್ಬು ಹೋಗಿ ಎಲ್‌ಇಡಿ ಬಂದಿತು ಎಂದು ಹೇಳಿ ಮುಗಿಸುತ್ತಾರೆ. ಆ ಬೆಳಕನ್ನು ಹೊತ್ತು ನಿಂತ ಒಡಲಿನ ಮಾತು ಅಲ್ಲಿ ಬರುವುದು ಅಪರೂಪ. ಹೊಸ ಬೆಳಕು ಎಷ್ಟೋ ಸಲ ಮೊದಲು ಬಂದು ಇಳಿದುಕೊಂಡದ್ದು ಹಳೆಯ ದೀಪದ ಮನೆಯಲ್ಲಿಯೇ. ಹಳೆಯ ಮೇಜುದೀಪಕ್ಕೆ ಗುಜರಿಯ ಸಾಮಾನಿನಿಂದ ಎಲ್‌ಇಡಿ ಕೂಡಿಸುವ ಕೆಲಸ ಇಂದಿನ ಕೆಲವರಿಗೆ ಹವ್ಯಾಸವಾಗಿದೆ. ಅದರ ವಂಶಾವಳಿಯನ್ನು ಹುಡುಕಿದರೆ ವಿದ್ಯುದ್ದೀಪದ ಹುಟ್ಟಿನವರೆಗೂ ಹೋಗಬೇಕಾಗುತ್ತದೆ.

ಇಂಗ್ಲೆಂಡಿನ ನಾರ್ಥಂಬರ್ಲೆಂಡಿನಲ್ಲಿ ಕ್ರಾಗ್‌ಸೈಡ್ ಎಂಬ ದೊಡ್ಡ ಮನೆಯೊಂದಿದೆ. ಅದರ ಒಡೆಯನಾಗಿದ್ದವನು ಫಿರಂಗಿಗಳನ್ನೂ ಕ್ರೇನುಗಳನ್ನೂ ತಯಾರಿಸಿ ಹೆಸರಾದ ವಿಲಿಯಂ ಆರ್ಮ್‌ಸ್ಟ್ರಾಂಗ್. ಇಂಗಾಲದ ತಂತುವಿನ ಬಲ್ಬನ್ನು ರೂಪಿಸಿದ ಜೋಸೆಫ್ ಸ್ವಾನ್ ಅವನ ಮಿತ್ರ. 1880ರ ಡಿಸೆಂಬರಿನಲ್ಲಿ ಸ್ವಾನನ ಬಲ್ಬುಗಳು ಆ ಮನೆಯಲ್ಲಿ ಬೆಳಗಿದುವು. ವಿದ್ಯುತ್ತು ಬಂದದ್ದು ಅದೇ ಎಸ್ಟೇಟಿನ ನೀರಿನ ಬಲದಿಂದ. ಆದರೆ ಬಲ್ಬನ್ನು ಯಾವುದರ ಮೇಲೆ ನಿಲ್ಲಿಸಬೇಕು? ವಿದ್ಯುದ್ದೀಪಕ್ಕೆಂದು ಮಾಡಿದ ಕಂಬ, ಹೋಲ್ಡರು ಅಂಗಡಿಯಲ್ಲಿ ಸಿಗುವ ಕಾಲ ಅದಲ್ಲ. ಆರ್ಮ್‌ಸ್ಟ್ರಾಂಗ್ ತನ್ನ ಗ್ರಂಥಭಂಡಾರದಲ್ಲಿ ಅದುವರೆಗೆ ಸೀಮೆಎಣ್ಣೆ ದೀಪಗಳನ್ನು ಹೊರುತ್ತಿದ್ದ ಹೂದಾನಿಗಳನ್ನೇ ಆರಿಸಿಕೊಂಡನು. ಅವು ತಾಮ್ರದ ಮೇಲೆ ಮೀನಾಕಾರಿ ಮಾಡಿದ ಪಾತ್ರೆಗಳು. ಒಂದು ತಂತಿ ಪಾತ್ರೆಯ ಒಳಗಿನಿಂದ ಬಲ್ಬಿಗೆ ಏರುತ್ತಿತ್ತು. ಅದರ ಕೆಳತುದಿ ಪೀಠದಲ್ಲಿದ್ದ ಪಾದರಸದ ಪುಟ್ಟ ಬಟ್ಟಲಿನಲ್ಲಿ ಮುಳುಗುತ್ತಿತ್ತು. ಹಿಂದಿರುಗುವ ವಿದ್ಯುತ್ತಿಗೆ ಬೇರೆ ತಂತಿಯೇ ಇರಲಿಲ್ಲ, ಪಾತ್ರೆಯ ತಾಮ್ರದ ಮೈಯೇ ದಾರಿ. ಸ್ವಿಚ್ಚೂ ಬೇಡವಾಯಿತು. ದೀಪ ಆರಿಸಬೇಕಾದರೆ ಹೂದಾನಿಯನ್ನು ಎತ್ತಿದರಾಯಿತು, ಹೊತ್ತಿಸಬೇಕಾದರೆ ಇಟ್ಟರಾಯಿತು!

ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಈ ಹೊಸ ಬೆಳಕು ನಮ್ಮ ನಾಡಿಗೂ ಬಂದಿತು. ಇಲ್ಲಿಯೂ ಅದು ನೀರಿನ ಬಲದಿಂದಲೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಬಲ್ಬಿನೊಡನೆ ಬ್ರಿಟನ್ನಿನ ಹೋಲ್ಡರೂ ಬಂದಿತು: ಎರಡು ಕಿವಿಯ ಬಲ್ಬನ್ನು ಒತ್ತಿ ತಿರುಗಿಸಿ ಸಿಕ್ಕಿಸುವ, 22 ಮಿಲಿಮೀಟರ್ ಅಗಲದ ಆ ಹೋಲ್ಡರು. ಇಂದು ನಮ್ಮ ಮನೆಗಳ ಬಹುಪಾಲು ಎಲ್‌ಇಡಿ ಬಲ್ಬುಗಳು ಕುಳಿತುಕೊಳ್ಳುವುದೂ ಅದರಲ್ಲಿಯೇ. ಬೆಳಕು ಎರಡು ಮೂರು ಸಲ ಬದಲಾದರೂ ಪೀಠ ಬದಲಾಗಲಿಲ್ಲ.

ಮೇಜುದೀಪಕ್ಕೆ ಕೈಕಾಲು ಬಂದದ್ದು ಆಮೇಲೆ. ಮೋಟಾರುಗಾಡಿಗಳ ಸ್ಪ್ರಿಂಗುಗಳಲ್ಲಿ ಪಳಗಿದ್ದ ಇಂಗ್ಲೆಂಡಿನ ಎಂಜಿನಿಯರ್ ಜಾರ್ಜ್ ಕಾರ್ವರ್ಡೀನ್, ಎಳೆದಲ್ಲಿಗೆ ಬಂದು ಬಿಟ್ಟಲ್ಲಿ ನಿಲ್ಲುವ ತೋಳನ್ನು 1930ರ ದಶಕದ ಮೊದಲಲ್ಲಿ ರೂಪಿಸಿದನು. ಅದೇ ‘ಆಂಗಲ್‌ಪಾಯ್ಸ್’ ದೀಪ. 1935ರಲ್ಲಿ ಅದರ ಮೂರು ಸ್ಪ್ರಿಂಗಿನ ಮಾದರಿ ಮಾರುಕಟ್ಟೆಗೆ ಬಂದಿತು. ವಿದ್ಯಾರ್ಥಿಗಳ ಕೊಠಡಿಯಲ್ಲಿಯೂ ನಕ್ಷೆ ಬರೆಯುವವರ ಮೇಜಿನ ಮೇಲೆಯೂ ನಾವು ಕಂಡ ಎಷ್ಟೋ ದೀಪಗಳು ಆ ಕುಲದವೇ. ತಗಡಿನ ಟೊಪ್ಪಿಗೆ, ಭಾರವಾದ ಬುಡ, ಸ್ಪ್ರಿಂಗಿನ ತೋಳು. ಇವುಗಳಲ್ಲಿ ಬೇಗ ಕೆಡುವಂಥದು ಯಾವುದೂ ಇಲ್ಲ. ಕೆಡುತ್ತಿದ್ದುದು ಬಲ್ಬೊಂದೇ. ಅದು ಸಹ 1920ರ ದಶಕದಲ್ಲಿ ದೊಡ್ಡ ಬಲ್ಬು ಕಂಪೆನಿಗಳು ‘ಫೀಬಸ್’ ಎಂಬ ಕೂಟ ಕಟ್ಟಿ, ಬಲ್ಬಿನ ಆಯುಸ್ಸು 1000 ಗಂಟೆ ಮೀರಕೂಡದೆಂದು ತಮ್ಮೊಳಗೆ ಕಟ್ಟು ಮಾಡಿಕೊಂಡ ಮೇಲೆ ಇನ್ನಷ್ಟು ಅಲ್ಪಾಯುವಾಯಿತು. ಬಲ್ಬು ಸತ್ತರೆ ದೀಪ ಸಾಯುತ್ತಿರಲಿಲ್ಲ ಎಂಬುದಷ್ಟೇ ಸಮಾಧಾನ.

ಇನ್ನು ಎಲ್‌ಇಡಿ. ಅದು ನಾವು ತಿಳಿದಷ್ಟು ಹೊಸದಲ್ಲ. 1907ರಲ್ಲಿಯೇ ಹೆನ್ರಿ ರೌಂಡ್ ಎಂಬ ಎಂಜಿನಿಯರ್ ಕಾರ್ಬೊರಂಡಮ್ ಹರಳಿಗೆ ವಿದ್ಯುತ್ತು ಹಾಯಿಸಿ ಅದು ಬೆಳಗುವುದನ್ನು ಕಂಡಿದ್ದನು. ರಷ್ಯದ ಓಲೆಗ್ ಲೋಸೆವ್ 1920ರ ದಶಕದಲ್ಲಿ ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದನು. 1942ರಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಹಸಿವಿನಿಂದ ತೀರಿಕೊಂಡನು. ಅಮೆರಿಕದ ನಿಕ್ ಹೊಲೋನ್ಯಾಕ್ 1962ರಲ್ಲಿ ಕೆಂಪು ಎಲ್‌ಇಡಿ ಬೆಳಗಿಸಿದನು. ಬಿಳಿಯ ಬೆಳಕಿಗೆ ನೀಲಿಯ ಹರಳು ಬೇಕಾಗಿತ್ತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆ ನೀಲಿಯ ಮೇಲೆ ಹಳದಿ ಲೇಪ ಕೊಟ್ಟರೆ ಕಣ್ಣಿಗೆ ಬಿಳಿಯಾಗಿ ತೋರುತ್ತದೆ.

ಹಳೆಯ ದೀಪಕ್ಕೆ ಈ ಹರಳನ್ನು ಕೂಡಿಸುವವರು ಎರಡು ಮಾತು ತಿಳಿದಿರಬೇಕು. ಮೊದಲನೆಯದು ಶಾಖದ್ದು. 60 ವ್ಯಾಟಿನ ಹಳೆಯ ಬಲ್ಬಿನ ಬೆಳಕನ್ನು ಎಲ್‌ಇಡಿ ಏಳೆಂಟು ವ್ಯಾಟಿನಲ್ಲಿ ಕೊಡುತ್ತದೆ, ನಿಜ. ಆದರೆ ಹರಳಿನ ಬೆನ್ನಿನಲ್ಲಿ ಹುಟ್ಟುವ ಬಿಸಿ ಹೊರಗೆ ಹರಿಯದಿದ್ದರೆ ಅದು ಬೇಗ ಕೆಡುತ್ತದೆ. ಹಳೆಯ ದೀಪದ ಲೋಹದ ಟೊಪ್ಪಿಗೆ ಇಲ್ಲಿ ಉಪಕಾರಕ್ಕೆ ಬರುತ್ತದೆ. ಎಲ್‌ಇಡಿ ಪಟ್ಟಿಯನ್ನು ಅದರ ಒಳಮೈಗೆ ಅಂಟಿಸಿದರೆ ಬಿಸಿಯನ್ನು ಅದೇ ಹೀರಿ ಹೊರಹಾಕುತ್ತದೆ. ಎರಡನೆಯದು ಪ್ರಾಣದ ಮಾತು. ಕೆಟ್ಟ ಎಲ್‌ಇಡಿ ಬಲ್ಬನ್ನು ಒಡೆದು ಅದರ ತಟ್ಟೆಯನ್ನೂ ಮಂಡಲವನ್ನೂ ಹಾಗೆಯೇ ಲೋಹದ ದೀಪಕ್ಕೆ ಕೂಡಿಸಕೂಡದು. ಅಗ್ಗದ ಬಲ್ಬುಗಳ ಮಂಡಲ ಮನೆಯ 230 ವೋಲ್ಟಿನಿಂದ ಬೇರ್ಪಟ್ಟಿರುವುದಿಲ್ಲ. ದೀಪದ ಮೈಗೇ ವಿದ್ಯುತ್ತು ಇಳಿದೀತು. ಆರ್ಮ್‌ಸ್ಟ್ರಾಂಗನ ಹೂದಾನಿಯ ಚಮತ್ಕಾರ ನಮಗೆ ಬೇಡ! ಮೂಲೆ ಸೇರಿದ ರೌಟರಿನ 12 ವೋಲ್ಟಿನ ಅಡಾಪ್ಟರು, ಅಷ್ಟೇ ವೋಲ್ಟಿನ ಎಲ್‌ಇಡಿ ಪಟ್ಟಿಯ ತುಂಡು, ಇವಿಷ್ಟು ಸಾಕು. ಆರು ವ್ಯಾಟಿನ ಪಟ್ಟಿ ಅರ್ಧ ಆಂಪಿಯರು ಬೇಡುತ್ತದೆ. ಅಡಾಪ್ಟರು ಅದಕ್ಕಿಂತ ಹೆಚ್ಚು ಕೊಡುವಂಥದಿರಬೇಕು. ಧನ, ಋಣ ತುದಿಗಳನ್ನು ನೋಡಿ ಬೆಸೆಯಬೇಕು. ಹಳೆಯ ಪ್ಲಗ್ಗನ್ನು ಕತ್ತರಿಸಿ ತೆಗೆಯಲೇಬೇಕು. ಇಲ್ಲದಿದ್ದರೆ ಮುಂದೊಂದು ದಿನ ವಿಷಯ ತಿಳಿಯದವರು ಅದನ್ನು ಗೋಡೆಗೆ ಸಿಕ್ಕಿಸಿಯಾರು.

ಇಷ್ಟೆಲ್ಲ ಶ್ರಮವೇಕೆ, ಹೊಸದನ್ನೇ ಕೊಳ್ಳಬಾರದೇ ಎನ್ನುವವರುಂಟು. ಕೊಳ್ಳಬಹುದು. ಆದರೆ ಇಂದಿನ ಅನೇಕ ಮೇಜುದೀಪಗಳಲ್ಲಿ ಎಲ್‌ಇಡಿಯನ್ನು ಒಡಲಿನೊಳಗೇ ಹುಗಿದು ಮುಚ್ಚಿರುತ್ತಾರೆ. ಸಾಲಾಗಿ ಪೋಣಿಸಿದ ಹರಳುಗಳಲ್ಲಿ ಒಂದು ಸತ್ತರೆ, ಇಲ್ಲವೆ ಮಂಡಲದ ಕೆಪ್ಯಾಸಿಟರೊಂದು ಸೋತರೆ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಇಡೀ ದೀಪ ಕಸವಾಗುತ್ತದೆ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯೊಂದರಿಂದಲೇ ದೇಶದಲ್ಲಿ 36 ಕೋಟಿಗೂ ಮಿಕ್ಕಿ ಎಲ್‌ಇಡಿ ಬಲ್ಬುಗಳು ಹಂಚಿಕೆಯಾದುವು. ಅದರಿಂದ ವಿದ್ಯುತ್ತು ಉಳಿಯಿತು, ಸಂತೋಷವೇ. ಆದರೆ ವಿದ್ಯುತ್ತನ್ನು ಉಳಿಸುವ ಭರದಲ್ಲಿ ವಸ್ತುವನ್ನು ಕಳೆದುಕೊಳ್ಳುವುದು ಯಾವ ಲೆಕ್ಕದ ಉಳಿತಾಯ? ಬೆಳಕು ಸೋತಾಗ ಒಡಲನ್ನು ಉಳಿಸಿಕೊಂಡು ಬೆಳಕನ್ನಷ್ಟೇ ಬದಲಾಯಿಸುವ ವಿವೇಕ 1880ರವರಿಗೆ ಇತ್ತು. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ದೀಪವನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ನಾವೂ ಒಮ್ಮೆ ಅದರ ತೋಳನ್ನು ಎಳೆದು ನೋಡಬಹುದು. ಎಳೆದಲ್ಲಿ ಅದು ನಿಂತರೆ ಇನ್ನೊಂದು ತಲೆಮಾರಿನ ಓದಿಗೆ ಅದು ಸಾಕು.