ತೋಟಕ್ಕೆ ಬಂದ ಯುದ್ಧದ ಜೀಪು: ಸಕಲೇಶಪುರ–ಆಲೂರು ಸೀಮೆಯಲ್ಲಿ ಬಳಕೆ ಮತ್ತು ಜೀರ್ಣೋದ್ಧಾರ

ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಜೀಪು ಕಾಣದ ಶೆಡ್ಡು ಅಪರೂಪ. ಅವುಗಳಲ್ಲಿ ಹೆಚ್ಚಿನವು ಮಹೀಂದ್ರಾ ಕಂಪನಿಯವು. ಎರಡನೇ ಮಹಾಯುದ್ಧಕ್ಕೆಂದೇ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯು ಜೀಪುಗಳನ್ನು ಈಗ ಮಲೆನಾಡಿನ ಶೆಡ್ಡುಗಳಲ್ಲಿ ಹುಡುಕಿಯೇ ನೋಡಬೇಕು. ಸಿಕ್ಕ ಜೀಪನ್ನು ಬಿಚ್ಚಿ, ಹಸಿರು ಬಣ್ಣ ಬಳಿದು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಬರೆಸಿ 1944ರ ಸ್ಥಿತಿಗೆ ಒಯ್ಯುವುದು ಸಂಗ್ರಾಹಕರ ರೂಢಿ. ಹಾಗೆ ಮಾಡುವಾಗ ಆ ಜೀಪು ತೋಟದಲ್ಲಿ ದುಡಿದ ದಶಕಗಳ ಸಾಕ್ಷ್ಯ ಅಳಿದುಹೋಗುತ್ತದೆ. ಯುದ್ಧದ ನಾಲ್ಕು ವರ್ಷಕ್ಕಿಂತ ಆ ದಶಕಗಳೇ ಈ ಸೀಮೆಯ ಇತಿಹಾಸಕ್ಕೆ ಮುಖ್ಯ ಎಂಬುದು ನನ್ನ ವಾದ.

ಜೀಪಿನ ಮೂಲ 1940ರ ಬೇಸಿಗೆಯದು. ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕೆಂದು ಕೇಳಿ, ಮಾದರಿ ಒಪ್ಪಿಸಲು 49 ದಿನ ಕೊಟ್ಟಿತು. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿತು. ಆದರೆ ದೊಡ್ಡ ಗುತ್ತಿಗೆ ದಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ ಎರಡೂ ಸೇರಿ ಸುಮಾರು 6,40,000 ಜೀಪು ತಯಾರಿಸಿದ್ದವು. 2.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 80 ಅಂಗುಲ.

ಭಾರತಕ್ಕೆ ಇವು ಬಂದದ್ದು ಚೀನಾ–ಬರ್ಮಾ–ಇಂಡಿಯಾ ರಣರಂಗದ ಸಲುವಾಗಿ. ಹೆಚ್ಚಿನ ವಾಹನಗಳು ಕಲ್ಕತ್ತಾ, ಅಸ್ಸಾಂ ಕಡೆ ಇದ್ದರೂ ಮೈಸೂರು ಸಂಸ್ಥಾನವೇನೂ ದೂರ ಉಳಿದಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, ವಿಮಾನ ರಿಪೇರಿಯ ದೊಡ್ಡ ಡಿಪೋ ಆಗಿತ್ತು. ಯುದ್ಧ ಮುಗಿದಾಗ ಇಷ್ಟು ಸಾಮಗ್ರಿಯನ್ನು ಹಡಗಿಗೇರಿಸಿ ವಾಪಸು ಒಯ್ಯುವುದು ಅಮೆರಿಕಕ್ಕೆ ಲಾಭದ ಮಾತಾಗಿರಲಿಲ್ಲ. ಉಳಿದದ್ದು ಡಿಸ್ಪೋಸಲ್ಸ್ ಇಲಾಖೆಯ ಮೂಲಕ ಹರಾಜಿಗೆ ಬಂತು. ಹೊಸ ಮೋಟಾರು ಗಾಡಿಗೆ ಬರವಿದ್ದ ಕಾಲವದು. ಇನ್ನೊಂದು ಕಡೆ 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿದ್ದರಿಂದ ಬಿಡಿಭಾಗಗಳ ಚಿಂತೆಯೂ ಕಡಿಮೆಯಾಯಿತು. ಹರಾಜಿನ ಜೀಪು ಗುಜರಿ ಸೇರದೆ ಉಳಿದದ್ದಕ್ಕೆ ಇದೇ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಸಕಲೇಶಪುರದ ಸುತ್ತಲ ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಹತ್ತೊಂಬತ್ತನೇ ಶತಮಾನದ ನಡುವಿನವು. ರಾಬರ್ಟ್ ಎಲಿಯಟ್ ಇಲ್ಲಿ ತೋಟ ಮಾಡಿದ್ದು 1850ರ ದಶಕದಲ್ಲಿ. ಅಂದಿನಿಂದ ಕುದುರೆ, ಎತ್ತಿನ ಗಾಡಿ, ಆಳಿನ ತಲೆಹೊರೆಯೇ ಸಾಗಣೆಯ ಆಧಾರ. ಯಸಳೂರು, ಹೆತ್ತೂರು, ಹಾನುಬಾಳು ಕಡೆಯ ಏರುದಾರಿಗಳಲ್ಲಿ ಜೂನ್ ಬಂತೆಂದರೆ ಕೆಮ್ಮಣ್ಣು ಅಂಟಾಗಿ ಎತ್ತಿನ ಕಾಲೇ ನಿಲ್ಲುವುದಿಲ್ಲ. ಅಂಥಲ್ಲಿ ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ ಆಳು ನಡೆಯುವ ವೇಗದಲ್ಲೇ ಏರಬಲ್ಲ ಗಾಡಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಕೇವಲ 62 ಅಂಗುಲ ಅಗಲದ ಈ ಗಾಡಿಗೆ ಸಿಲ್ವರ್ ಮರಗಳ ನಡುವಿನ ತೋಟದ ದಾರಿಯೇ ಸಾಕು. ಹಣ್ಣು ಕುಯ್ಲಿನ ಮೂಟೆ, ಲೈನ್ ಮನೆಗಳಿಗೆ ಅಕ್ಕಿ, ಗೊಬ್ಬರ, ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ನೋವಿನ ಹೆಂಗಸನ್ನು ಪೇಟೆಯ ಆಸ್ಪತ್ರೆಗೆ ಒಯ್ಯುವುದು, ಎಲ್ಲದಕ್ಕೂ ಜೀಪೇ.

ದಾಖಲೆ ಇಲ್ಲದ ಕಡೆ ಗಾಡಿಯನ್ನೇ ದಾಖಲೆಯಂತೆ ಓದಬೇಕಾಗುತ್ತದೆ. ಮೊದಲು ಮುಂಭಾಗದಲ್ಲಿ ಕೂತು ರೇಡಿಯೇಟರಿನ ಕೆಳಗೆ ಎರಡು ಛಾಸಿ ಪಟ್ಟಿಗಳನ್ನು ಕೂಡಿಸುವ ಅಡ್ಡಕಂಬಿ ನೋಡಬೇಕು. ಅದು ದುಂಡನೆಯ ಕೊಳವೆಯಾದರೆ ವಿಲ್ಲಿಸ್, ಚೌಕಾಕಾರದ್ದಾದರೆ ಫೋರ್ಡ್. ಫೋರ್ಡ್ ಆದರೆ ಬೋಲ್ಟುಗಳ ತಲೆಯ ಮೇಲೂ ಕಂಪನಿಯ 'ಎಫ್' ಅಕ್ಷರದ ಅಚ್ಚು ಸಿಗುತ್ತದೆ. ಅಚ್ಚೊತ್ತಿದ ಗ್ರಿಲ್ಲಿನಲ್ಲಿ ಒಂಬತ್ತು ಸೀಳು ಇದ್ದರೆ ಯುದ್ಧಕಾಲದ್ದು, ಏಳಿದ್ದರೆ ನಂತರದ ನಾಗರಿಕ ಮಾದರಿ. ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರೆ ಎಂಜಿನ್ನಿನ ಮೇಲೆ ಬೆಳಕು ಬೀಳುವ ಏರ್ಪಾಡು ಇನ್ನೊಂದು ಗುರುತು.

ಇನ್ನು ತಳಕ್ಕೆ ಬಂದರೆ ಮಲೆನಾಡು ಕಾಣಿಸುತ್ತದೆ. ಈ ಜೀಪಿನ ನೆಲದ ತಗಡಿನಡಿಯ ತಗಡು ಕಾಲುವೆಗಳೊಳಗೆ ಕಾರ್ಖಾನೆಯವರೇ ಮರದ ಪಟ್ಟಿ ತುಂಬಿರುತ್ತಾರೆ. ಮಳೆನೀರು ಒಳಗೆ ಹೊಕ್ಕರೆ ಆ ಮರ ನೀರು ಹಿಡಿದಿಟ್ಟು ಸುತ್ತಲ ಕಬ್ಬಿಣವನ್ನು ಒಳಗಿನಿಂದಲೇ ತಿನ್ನಿಸುತ್ತದೆ. ಡ್ರೈವರ್ ಸೀಟಿನಡಿಯ ಪೆಟ್ರೋಲ್ ಟ್ಯಾಂಕಿನ ಗುಂಡಿಯ ಗತಿಯೂ ಅದೇ. ಹಿಂಭಾಗದ ನೆಲಕ್ಕೆ ಇನ್ನೊಂದು ಶತ್ರು ಮೈಲುತುತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ತೋಟದಲ್ಲಿ ಮೈಲುತುತ್ತು ಬೆರೆಸಿದ ನೀರು ಚೆಲ್ಲಿದಲ್ಲೆಲ್ಲ ಕಬ್ಬಿಣ ಸವೆಯುತ್ತದೆ. ಅದರ ಮೇಲೆ ವೆಲ್ಡ್ ಮಾಡಿದ ದಪ್ಪ ತಗಡು, ಮೂಟೆಗೆಂದು ಉದ್ದ ಮಾಡಿಸಿದ ಬಾಡಿ, ಪೆಟ್ರೋಲ್ ದುಬಾರಿಯಾದಾಗ ಕೂಡಿಸಿದ ಡೀಸೆಲ್ ಎಂಜಿನ್: ಇವೆಲ್ಲ ತೋಟದ ಆರ್ಥಿಕತೆಯ ಪದರಗಳು.

ಅಂತರರಾಷ್ಟ್ರೀಯ ಚಿಂತನೆಯಲ್ಲೂ ಈ ಪದರಗಳಿಗೆ ಮಾನ್ಯತೆ ಉಂಟು. ಹಳೆಯ ವಾಹನಗಳ ಜಾಗತಿಕ ಒಕ್ಕೂಟ 'ಫಿವಾ' 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಪೂರ್ತಿ ಹೊಸದಾಗಿಸುವುದಕ್ಕಿಂತ ಇದ್ದುದನ್ನು ಕಾಪಾಡುವುದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ನಮ್ಮ ಕಾನೂನಿನ ದಾರಿ ಬೇರೆ. 2021ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನ 20,000 ರೂಪಾಯಿ ಶುಲ್ಕಕ್ಕೆ ವಿಂಟೇಜ್ ನೋಂದಣಿ ಪಡೆಯಬಹುದು. ಆದರೆ ಛಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಡೀಸೆಲ್ ಹಾಕಿಸಿಕೊಂಡು ದುಡಿದ ತೋಟದ ಜೀಪಿಗೆ ಇಲ್ಲಿ ಜಾಗವಿಲ್ಲ. ಹೊರದೇಶದಿಂದ ತರಿಸಿದ ಹೊಸ ಬಾಡಿಯನ್ನು ಹಳೇ ನಂಬರಿನ ಮೇಲೆ ಕೂರಿಸಿದ ಗಾಡಿಯೇ ನೋಡುವವರಿಗೆ ಹೆಚ್ಚು 'ಅಸಲಿ'ಯಾಗಿ ಕಂಡೀತು. ಇದು ನ್ಯಾಯವೆಂದು ನನಗನ್ನಿಸುವುದಿಲ್ಲ.

ಹೊರಮೈ ಹೊಸತಾದ ಮಾತ್ರಕ್ಕೆ ಜೀಪು ಸರಿಯಾಗುವುದಿಲ್ಲ ಎಂಬುದು ದೇಶಕ್ಕೆ ಬಹಳ ಹಿಂದೆಯೇ ಗೊತ್ತಾಗಿತ್ತು. 1948ರಲ್ಲಿ ಲಂಡನ್ನಿನ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ಸೇನೆಗಾಗಿ ರಿಪೇರಿ ಮಾಡಿದ 2000 ಜೀಪುಗಳಿಗೆ ಒಪ್ಪಂದ ಮಾಡಿದರು. ಮದರಾಸಿಗೆ ಬಂದಿಳಿದ 155 ಜೀಪುಗಳು ಕೆಲಸಕ್ಕೆ ಬಾರದವೆಂದು ತಿರಸ್ಕೃತವಾದವು.

ಹಾಸನ ಜಿಲ್ಲೆಯ ಮಟ್ಟಿಗೆ ಈಗ ಆಗಬೇಕಾದದ್ದು ಗಣತಿ. ಛಾಸಿ ಮತ್ತು ಎಂಜಿನ್ ನಂಬರು, 'ಎಂವೈ' ಎಂದು ಶುರುವಾಗುವ ಹಳೇ ಮೈಸೂರು ನೋಂದಣಿಯ ಆರ್‌ಸಿ ಪುಸ್ತಕ, ತೋಟದ ಲೆಕ್ಕದಲ್ಲಿ ಬರೆದ ಪೆಟ್ರೋಲ್ ಖರ್ಚು, ಗ್ಯಾರೇಜಿನ ಬಿಲ್ಲು ಇವನ್ನೆಲ್ಲ ಒಂದೆಡೆ ಸೇರಿಸಬೇಕು. ಆ ತಗಡು ಬೆಸೆದ ಮೆಕ್ಯಾನಿಕ್‌ಗಳಿಗೆ ವಯಸ್ಸಾಗಿದೆ, ಅವರ ಮಾತನ್ನು ರೆಕಾರ್ಡ್ ಮಾಡಬೇಕು. ಗಾಡಿ ಬಿಚ್ಚುವವರು ಕತ್ತರಿಸುವ ಮುಂಚೆ ಪ್ರತಿ ಪ್ಯಾಚಿನ ಫೋಟೊ ತೆಗೆದು, ಕಳಚಿದ ತುಂಡಿಗೆ ಚೀಟಿ ಕಟ್ಟಿ ಶೆಡ್ಡಿನಲ್ಲಿ ಇಟ್ಟುಕೊಂಡರೆ ಮುಂದಿನ ಸಂಶೋಧಕರಿಗೆ ಓದಲು ಸಾಮಗ್ರಿ ಸಿಗುತ್ತದೆ.